ಸೆಮಿಸ್ಟರ್‌ನ ಮೊದಲ್ನೇ ವಾರ: ನನ್ನ ಅನುಭವ

"ಫಸ್ಟ್ ವೀಕ್ ಯಾರೋ ಪಾಠ ಮಾಡ್ತಾರೆ ಮಗಾ, ಆರಾಮಾಗಿ ಮುಂದಿನ ಸೋಮವಾರ ಬಾ" ಅಂತ ರೂಮ್‌ಮೇಟ್ಸ್ ಇಬ್ರೂ ಹೇಳಿದ್ರು, ಮೂರನೇ ಸೆಮ್ ಶುರುವಾಗೋವಾಗ. ನಾನು ಭಾನುವಾರ ಸಂಜೆನೇ ತಿಪಟೂರಲ್ಲಿ ಟ್ರೈನ್ ಹತ್ತಿ ಬೆಂಗಳೂರಿಗೆ ಬಂದೆ. ಆ ಸೆಮ್ ಎಸ್‌ಜಿಪಿಎ ಹತ್ತಕ್ಕೆ 8.4 ಬಂತು, ಅದರ ಹಿಂದಿನ ಸೆಮ್ ಬರೀ 6.3. ನಾಲ್ಕರಲ್ಲೂ ಇದನ್ನೇ ಮಾಡಿದೆ, 8.6 ಬಂತು. ಈಗ ಅದೇ ಇಬ್ರು ಹೆಂಗ್ ಮಾಡ್ದೆ ಹೇಳು ಅಂತ ಕೂತಿದಾರೆ, ಅದಕ್ಕೇ ಬರೀತಿದೀನಿ. ನಂದು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಇಂಜಿನಿಯರಿಂಗ್, 22 ಸ್ಕೀಮ್ ಅಂದ್ರೆ 2022ರ ಸಿಲಬಸ್, ಸಿಎಸ್ ಅಂದ್ರೆ ಕಂಪ್ಯೂಟರ್ ಸೈನ್ಸ್.

ಮೊದಲು ಕೆಟ್ಟಿದ್ದು ಹೇಳ್ಬಿಡ್ತೀನಿ. ಫಸ್ಟ್ ಸೆಮ್‌ನಲ್ಲಿ ಲಿಸ್ಟ್ ಹಿಡ್ಕೊಂಡು ಹೋಗಿ ಮೊದಲ ವಾರನೇ ಎಲ್ಲಾ ಟೆಕ್ಸ್ಟ್‌ಬುಕ್ ಹೊಸದೇ ತಗೊಂಡೆ, ಮೂರೂವರೆ ಸಾವಿರದ ಹತ್ರ ಆಯ್ತು, ಅಪ್ಪ ಕೊಬ್ಬರಿ ಮಾರಿದ ದುಡ್ಡು. ಎರಡು ಬುಕ್ ಮುಟ್ಟಲೇ ಇಲ್ಲ. ಸೆಮ್ ಮುಗಿದ್ಮೇಲೆ ಅವೆನ್ಯೂ ರೋಡ್‌ಗೆ ಹೊತ್ಕೊಂಡು ಹೋದ್ರೆ ಎಲ್ಲಾ ಸೇರಿ ಆರುನೂರು ಕೊಟ್ರು. ಸೆಕೆಂಡ್ ಸೆಮ್ ಮೊದಲ ವಾರ ಪೂರ್ತಿ ಊರಲ್ಲೇ ಇದ್ದೆ, ಅದು ಇನ್ನೂ ದುಬಾರಿ ಬಿತ್ತು.

ಅಟೆಂಡೆನ್ಸ್ ಲೆಕ್ಕ ನೋಡಿ. 3 ಕ್ರೆಡಿಟ್ ಸಬ್ಜೆಕ್ಟ್ ಅಂದ್ರೆ ಸುಮಾರು 40 ಕ್ಲಾಸ್, ಇರಲೇಬೇಕಾದ 85% ಅಂದ್ರೆ 34, ತಪ್ಪಿಸೋಕೆ ಕೈಲಿ ಉಳಿಯೋದು ಆರೇ ಆರು. ಮೊದಲ ವಾರದಲ್ಲೇ ನಾಲ್ಕು ಹೋದ್ರೆ ಇಡೀ ಸೆಮ್‌ಗೆ ಎರಡು. ಸೆಕೆಂಡ್ ಸೆಮ್‌ನಲ್ಲಿ ಆಮೇಲೆ ನಂಗೆ ವೈರಲ್ ಫೀವರ್ ಬಂದು ಐದು ದಿನ ಮಲಗಿದೆ, ಒಂದು ಸಬ್ಜೆಕ್ಟ್ 80ರ ಹತ್ರ ನಿಂತೋಯ್ತು, ಅಪ್ಪನ್ನ ಕರ್ಕೊಂಡು ಬಾ ಅಂದ್ರು. ಅವತ್ತು ಕೊಬ್ಬರಿ ಹರಾಜಿನ ದಿನ, ಅದನ್ನ ಬಿಟ್ಟು ಬಂದು ಎಚ್‌ಓಡಿ (ವಿಭಾಗದ ಮುಖ್ಯಸ್ಥರು) ರೂಮ್ ಹೊರಗೆ ಎರಡು ಗಂಟೆ ನಿಂತಿದ್ರು ಅಪ್ಪ.

ಮೂರನೇ ಸೆಮ್ ಶುರುವಲ್ಲಿ ಟೆಕ್ಸ್ಟ್‌ಬುಕ್ ಏನೂ ತಗೊಳ್ಳಲಿಲ್ಲ. ಒಂದೇ ಒಂದು ಲಾಂಗ್ ಬುಕ್, 200 ಪೇಜಿಂದು, ಎಪ್ಪತ್ತೋ ಎಂಬತ್ತೋ ರೂಪಾಯಿ. ಎಲ್ಲಾ ಸಬ್ಜೆಕ್ಟ್‌ಗೂ ಅದೇ. ಎಡಗಡೆ ಪುಟಕ್ಕೆ ಮಾಡ್ಯೂಲ್ 1ರ (ಸಿಲಬಸ್‌ನ ಮೊದಲ ಭಾಗ) ಸಿಲಬಸ್ ಜೆರಾಕ್ಸ್ ಕತ್ತರಿಸಿ ಅಂಟಿಸಿದೆ, ಬಲಗಡೆ ಕ್ಲಾಸಲ್ಲಿ ಹೇಳಿದ್ದು, ಮತ್ತೆ ಯಾವ ಟಾಪಿಕ್ ಮೇಲೆ ಎಷ್ಟು ಹೊತ್ತು ನಿಂತ್ರು ಅನ್ನೋದನ್ನ ಪಕ್ಕದಲ್ಲಿ ನಿಮಿಷದಲ್ಲಿ ಬರೆದೆ. ಡಿಎಸ್ (ಡೇಟಾ ಸ್ಟ್ರಕ್ಚರ್ಸ್) ಮೇಡಂ ಮೂರನೇ ಕ್ಲಾಸಲ್ಲಿ ಬೋರ್ಡ್ ಮೇಲೆ ಎರಡು ಸಾಲು ಡಬ್ಬಿ ಬರೆದ್ರು, ಸಿ ಭಾಷೇಲಿ ಮೆಮೊರಿ ತಗೊಳ್ಳೋ ಎರಡು ಫಂಕ್ಷನ್‌ಗೆ ಒಂದೊಂದು ಸಾಲು, ಕ್ಯಾಲಕ್ (calloc) ಡಬ್ಬಿಗಳಲ್ಲೆಲ್ಲಾ ಸೊನ್ನೆ, ಮ್ಯಾಲಕ್ (malloc) ಡಬ್ಬಿಗಳಲ್ಲಿ ಪ್ರಶ್ನಾರ್ಥಕ ಚಿಹ್ನೆ, ಅದರ ಮೇಲೇ 35 ನಿಮಿಷ. ಕ್ಲಾಸಲ್ಲಿ ಇದ್ದಿದ್ದು ಹದಿನೈದು ಜನ ಇರಬೇಕು. ಫಸ್ಟ್ ಇಂಟರ್ನಲ್ಸ್‌ಗೆ (ಕಾಲೇಜಲ್ಲೇ ಮಾಡೋ ಟೆಸ್ಟ್) ಅದೇ ಬಂತು, ನಾನು ಬ್ಲೂ ಬುಕ್ಕಲ್ಲಿ, ಅಂದ್ರೆ ಉತ್ತರ ಬರೆಯೋ ಪುಸ್ತಕದಲ್ಲಿ, ಅದೇ ಡಬ್ಬಿ ಬರೆದೆ, ಪೂರ್ತಿ ಮಾರ್ಕ್ಸ್.

ರಾತ್ರಿ ರೂಮಿಗೆ ಬಂದು ಹಳೇ ಕ್ವೆಶ್ಚನ್ ಪೇಪರಲ್ಲಿ ಅವತ್ತಿನ ಟಾಪಿಕ್‌ದು ಒಂದೇ ಪ್ರಶ್ನೆಗೆ ಉತ್ತರ ಬರೀತಿದ್ದೆ, ಏನೂ ನೋಡ್ಕೊಳ್ಳದೇ. ಒಂದು ಮಾಡ್ಯೂಲ್ ಅಂದ್ರೆ 8 ಗಂಟೆ ಪಾಠ, ಎಕ್ಸಾಮಲ್ಲಿ 20 ಮಾರ್ಕ್ಸ್. ಮೊದಲ ವಾರದ ನಾಲ್ಕು ಕ್ಲಾಸ್ ಅಂದ್ರೆ ಅರ್ಧ ಮಾಡ್ಯೂಲ್ ಮುಗಿದಂಗೆ. ಹಳೇ ಪೇಪರ್ ಎಲ್ಲಾರಿಗೂ ಸಿಗುತ್ತೆ, ಆದ್ರೆ ಉತ್ತರ ಸರಿ ಇದ್ಯಾ ಅಂತ ನಾನು ಯಾರ ಹತ್ರ ನೋಡಿಸ್ಕೋತೀನಿ ಅನ್ನೋದು ಮಾತ್ರ ಹೇಳಲ್ಲ, ಹೇಳಿದ್ರೆ ಅವರ ಮನೆ ಮುಂದೆ ಕ್ಯೂ ನಿಲ್ಲುತ್ತೆ.

ಮಧ್ಯದಲ್ಲಿ ಇನ್ನೊಂದು ಟ್ರೈ ಮಾಡಿದ್ದೆ, ಎಲ್ಲಾ ಕ್ಲಾಸ್ ಫೋನಲ್ಲಿ ರೆಕಾರ್ಡ್ ಮಾಡೋದು. ಮೂರು ದಿನಕ್ಕೆ ಫೋನ್ ಸ್ಟೋರೇಜ್ ಫುಲ್, ಕೇಳಿದ್ರೆ ಬರೀ ಫ್ಯಾನ್ ಸದ್ದು. ಬಿಟ್ಬಿಟ್ಟೆ.

ಟೆಕ್ಸ್ಟ್‌ಬುಕ್ ಶನಿವಾರ ತಗೊಂಡೆ, ವಾರ ಪೂರ್ತಿ ಯಾರು ಯಾವ ಬುಕ್ ಇಟ್ಕೊಂಡು ಪಾಠ ಮಾಡ್ತಾರೆ ನೋಡ್ಕೊಂಡು. ಎರಡೇ ಬೇಕಾಗಿದ್ದು, ಅವೆನ್ಯೂ ರೋಡಲ್ಲಿ ಸೆಕೆಂಡ್ ಹ್ಯಾಂಡ್, ಚೌಕಾಸಿ ಮಾಡಿ 480ಕ್ಕೆ ಮುಗೀತು.

ಲ್ಯಾಬ್ ಮರೀಬೇಡಿ. ನಮ್ಮಲ್ಲಿ ಸಿಸ್ಟಮ್ ನಂಬರ್ ಹಂಚೋದು ಮೊದಲ ಲ್ಯಾಬಲ್ಲೇ. ಸೆಕೆಂಡ್ ಸೆಮ್‌ನಲ್ಲಿ ನಂಗೆ ಉಳಿದಿದ್ದು ಮೂಲೇಲಿರೋ ಸಿಸ್ಟಮ್, ಅದರ ಕೀಬೋರ್ಡಲ್ಲಿ ಸೆಮಿಕೋಲನ್ ಬೀಳ್ತಾನೇ ಇರ್ಲಿಲ್ಲ, ಸಿ ಪ್ರೋಗ್ರಾಮಲ್ಲಿ ಪ್ರತಿ ಲೈನಿಗೂ ಎಲ್ಲಿಂದಲೋ ಕಾಪಿ ಮಾಡಿ ಪೇಸ್ಟ್ ಮಾಡ್ಬೇಕಿತ್ತು. ಮೂರನೇ ಸೆಮ್‌ನಲ್ಲಿ ಹತ್ತು ನಿಮಿಷ ಮುಂಚೆ ಹೋಗಿ ನಾಲ್ಕು ಕೀಬೋರ್ಡ್ ಒತ್ತಿ ನೋಡಿ ಕೂತೆ.