ಸರ್ಲ್ ಉಪಕರಣದಲ್ಲಿ ತಾಮ್ರ ಅಳೆಯುವುದು: ಪುಣೆಯ ಲ್ಯಾಬಿನಿಂದ ನನ್ನ ಅನುಭವ

ಸರ್ಲ್ ಉಪಕರಣದಲ್ಲಿ ತಾಮ್ರದ ಉಷ್ಣವಾಹಕತೆ (ಶಾಖ ಸಾಗಿಸುವ ಸಾಮರ್ಥ್ಯ) ಅಳೆದ ವಿದ್ಯಾರ್ಥಿಗಳ ಲ್ಯಾಬ್ ಜರ್ನಲ್‌ಗಳನ್ನು ತಿದ್ದಲು ಕೂತರೆ ಉತ್ತರ ಹೆಚ್ಚಾಗಿ 300ರಿಂದ 350ರ ನಡುವೆ ಇರುತ್ತದೆ. ಶುದ್ಧ ತಾಮ್ರಕ್ಕೆ ಪುಸ್ತಕ ಹೇಳುವುದು ಸುಮಾರು 400 ವ್ಯಾಟ್ ಪ್ರತಿ ಮೀಟರಿಗೆ, ಪ್ರತಿ ಕೆಲ್ವಿನ್‌ಗೆ. ‘ಶಾಖ ನಷ್ಟದಿಂದ ದೋಷ ಬಂದಿದೆ’ ಎಂದು ಒಂದು ಸಾಲು ಬರೆದು ಎಲ್ಲರೂ ಮುಗಿಸುತ್ತಾರೆ. ಅದು ಅರ್ಧ ಸತ್ಯ ಮಾತ್ರ. ಪುಣೆಯ ಕಾಲೇಜು ಲ್ಯಾಬಿನಲ್ಲಿ ಈ ಪ್ರಯೋಗ ಮಾಡುತ್ತ, ಮಾಡಿಸುತ್ತ ನನಗೆ ಮನದಟ್ಟಾದದ್ದು ಇದು: ಉತ್ತರ ಕೆಡುವುದು ಸರಳಿನಲ್ಲಲ್ಲ, ನೀರಿನಲ್ಲಿ. ವಿಜಯಪುರ, ಕಲಬುರಗಿ, ಸೊಲ್ಲಾಪುರದ ಕಡೆಯಿಂದ ಇಲ್ಲಿಗೆ ಬಿ.ಎಸ್‌ಸಿ.ಗೆ ಬರುವ ನಮ್ಮ ಮಕ್ಕಳಿಗೆ ಕನ್ನಡದಲ್ಲೇ ಬಿಡಿಸಿ ಹೇಳುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದ ಜಿ. ಎಫ್. ಸಿ. ಸರ್ಲ್ ರೂಪಿಸಿದ ಈ ವ್ಯವಸ್ಥೆ ನೋಡಲು ಸರಳ. ದಪ್ಪ ಸರಳಿನ ಒಂದು ತುದಿಗೆ ಹಬೆ, ಇನ್ನೊಂದು ತುದಿಗೆ ಬೆಸುಗೆ ಹಾಕಿದ ಕೊಳವೆಯ ಸುರುಳಿ, ಅದರೊಳಗೆ ಹರಿಯುವ ನೀರು. ಸರಳಿನ ಮೇಲೆ ಎರಡು ರಂಧ್ರ, ಅಲ್ಲಿ ಎರಡು ತಾಪಮಾಪಕ. ನೀರು ಒಳಬರುವಲ್ಲಿ ಒಂದು, ಹೊರಹೋಗುವಲ್ಲಿ ಒಂದು. ಸರಳಿನಲ್ಲಿ ಹರಿದ ಶಾಖವೆಲ್ಲ ನೀರಿಗೆ ಸೇರುತ್ತದೆ ಎಂಬುದೇ ಲೆಕ್ಕದ ಬುನಾದಿ.

ನಮ್ಮ ಸರಳಿನ ವ್ಯಾಸ 40.0 ಮಿ.ಮೀ., ಉದ್ದ 25 ಸೆಂ.ಮೀ., ರಂಧ್ರಗಳ ನಡುವೆ 10.0 ಸೆಂ.ಮೀ. ಎಲ್ಲ ಸರಿಯಿದ್ದರೆ ಅಂಕಿಗಳು ಹೀಗೆ ಬರಬೇಕು: ರಂಧ್ರಗಳ ನಡುವೆ 12.0 ಡಿಗ್ರಿ ವ್ಯತ್ಯಾಸ, 5 ನಿಮಿಷದಲ್ಲಿ 595 ಗ್ರಾಂ ನೀರು, ನೀರಿನ ತಾಪ ಏರಿಕೆ 7.0 ಡಿಗ್ರಿ. ಸೆಕೆಂಡಿಗೆ 1.98 ಗ್ರಾಂ ನೀರು 7 ಡಿಗ್ರಿ ಏರಿದರೆ, ನೀರಿನ ವಿಶಿಷ್ಟ ಉಷ್ಣದ ಲೆಕ್ಕದಲ್ಲಿ, 58 ವ್ಯಾಟ್. ಅದನ್ನು 0.10 ಮೀಟರಿನಿಂದ ಗುಣಿಸಿ, ಅಡ್ಡಕೊಯ್ತದ 0.001257 ಚದರ ಮೀಟರ್ ಮತ್ತು 12 ಡಿಗ್ರಿಯಿಂದ ಭಾಗಿಸಿದರೆ 385. ಈಗ ಯಾವ ಅಂಕಿ ಎಷ್ಟು ನಾಜೂಕು ಎಂದು ನೋಡಿ. ವ್ಯಾಸದಲ್ಲಿ 0.1 ಮಿ.ಮೀ. ತಪ್ಪಿದರೆ ಉತ್ತರ ಅರ್ಧ ಶೇಕಡ ತಪ್ಪುತ್ತದೆ. ತೂಕ, ಸಮಯ ಅದಕ್ಕಿಂತಲೂ ಭದ್ರ. ಆದರೆ ನೀರಿನ ಏರಿಕೆಯಲ್ಲಿ 0.3 ಡಿಗ್ರಿ ತಪ್ಪಿದರೆ ಸೀದಾ 4 ಶೇಕಡ. ಗಮನವೆಲ್ಲ ಅಲ್ಲಿರಬೇಕು.

ಮೊದಲನೆಯದು ಹರಿವು. ನಲ್ಲಿಗೆ ನೇರವಾಗಿ ರಬ್ಬರ್ ಪೈಪ್ ಹಾಕುವ ರೂಢಿಯನ್ನು ನಾನು ಬಿಡಿಸಿದ್ದೇನೆ. ಪಕ್ಕದ ಮೇಜಿನಲ್ಲಿ ಯಾರೋ ಬೀಕರ್ ತೊಳೆದರೆ ಹರಿವು ಬದಲಾಗುತ್ತದೆ. ತಾರಸಿಯ ಟ್ಯಾಂಕ್ ಏಪ್ರಿಲ್ ಮಧ್ಯಾಹ್ನದಲ್ಲಿ ಕಾಯುತ್ತ ಹೋದಂತೆ ಒಳಬರುವ ನೀರಿನ ತಾಪವೂ ಏರುತ್ತದೆ. ರಿಪೇರಿಗೆಂದು ಊರಿನ ನೀರು ನಿಲ್ಲಿಸುವುದು ಹೆಚ್ಚಾಗಿ ಗುರುವಾರ. ಆ ದಿನದ ಬ್ಯಾಚಿಗೆ ಅದೂ ಇಲ್ಲ. ಇದಕ್ಕೆಲ್ಲ ಒಂದೇ ಪರಿಹಾರ 20 ಲೀಟರಿನ ನೀರಿನ ಜಾರ್. ಹಿಂದಿನ ಸಂಜೆಯೇ ತುಂಬಿಸಿಟ್ಟರೆ ನೀರು ಕೋಣೆಯ ತಾಪಕ್ಕೆ ಬರುತ್ತದೆ, ಕರಗಿದ ಗಾಳಿಯೂ ಒಂದಿಷ್ಟು ಹೊರಹೋಗುತ್ತದೆ. ನಿಮಿಷಕ್ಕೆ 120 ಗ್ರಾಂ ಲೆಕ್ಕದಲ್ಲಿ ಎರಡೂವರೆ ಗಂಟೆಗೆ ಸಾಕು.

ಜಾರನ್ನು ಮ್ಯಾರಿಯಟ್ ಬಾಟಲಿಯಾಗಿ ಕಟ್ಟಿಕೊಳ್ಳಬೇಕು. ತಳದ ಹತ್ತಿರ ಹೊರಕೊಳವೆ. ಬಾಯಿಗೆ ಬಿಗಿಯಾದ ರಬ್ಬರ್ ಬಿರಡೆ, ಅದರ ಮೂಲಕ ಒಂದು ಗಾಜಿನ ಕೊಳವೆ ನೀರೊಳಗೆ ಇಳಿದು, ಹೊರಕೊಳವೆಗಿಂತ ತುಸು ಮೇಲೆ ನಿಲ್ಲಬೇಕು. ಗಾಜಿನ ಕೊಳವೆಯ ಕೆಳತುದಿಯಲ್ಲಿ ಒತ್ತಡ ಸದಾ ಹೊರಗಿನ ಗಾಳಿಯಷ್ಟೇ ಇರುವುದರಿಂದ, ಜಾರಿನಲ್ಲಿ ನೀರಿನ ಮಟ್ಟ ಇಳಿದರೂ ಹರಿವು ಇಳಿಯುವುದಿಲ್ಲ. ಹರಿವು ಹೆಚ್ಚು ಬೇಕಾದರೆ ಜಾರಿನ ಕೆಳಗೆ ಒಂದು ಹಲಗೆ ಸೇರಿಸಿ. ನೋಡುತ್ತಿರಬೇಕಾದದ್ದು ಗುಳ್ಳೆಗಳನ್ನು: ಗಾಜಿನ ಕೊಳವೆಯ ತುದಿಯಿಂದ ಅವು ಒಂದೇ ಸಮನೆ ಏಳುತ್ತಿರಬೇಕು. ಗುಳ್ಳೆ ನಿಂತು ಹರಿವು ಕ್ರಮೇಣ ಕಡಿಮೆಯಾದರೆ ಬಿರಡೆ ಗಾಳಿ ಬಿಡುತ್ತಿದೆ, ವ್ಯಾಸಲೀನ್ ಸವರಿ. ಗುಳ್ಳೆ ನಿಂತು ಹರಿವು ಹೆಚ್ಚಾದರೆ ಜಾರಿನ ಮೇಲೆ ಬಿಸಿಲು ಬೀಳುತ್ತಿದೆ, ಒಳಗಿನ ಗಾಳಿ ಹಿಗ್ಗಿ ನೀರನ್ನು ತಳ್ಳುತ್ತಿದೆ.

ಎರಡನೆಯದನ್ನು, ನೀರು ಕಲಕುವುದನ್ನು, ನಾನು ಕಂಡ ಯಾವ ಲ್ಯಾಬ್ ಕೈಪಿಡಿಯೂ ಬರೆಯುವುದಿಲ್ಲ. 6 ಮಿ.ಮೀ. ಕೊಳವೆಯಲ್ಲಿ ಇಷ್ಟು ನಿಧಾನ ಹರಿಯುವ ನೀರಿನ ರೆನಾಲ್ಡ್ಸ್ ಸಂಖ್ಯೆ (ಹರಿವು ನಯವೋ, ಸುಳಿಯುಳ್ಳದ್ದೋ ಎಂದು ಹೇಳುವ ಅಂಕಿ) ಸುಮಾರು 500. ಅಂದರೆ ನೀರು ಪದರ ಪದರವಾಗಿ ಹರಿಯುತ್ತದೆ, ಗೋಡೆಯ ಪಕ್ಕ ಬಿಸಿ, ನಡುವೆ ತಣ್ಣಗೆ. ತಾಪಮಾಪಕದ ಬಲ್ಬು ಯಾವ ಪದರಕ್ಕೆ ತಾಗುತ್ತದೋ ಅದನ್ನೇ ತೋರಿಸುತ್ತದೆ. ಸುರುಳಿಯಿಂದ ಹೊರಬಂದ ನೀರು ಬಲ್ಬಿಗೆ ಮುಟ್ಟುವ ಮೊದಲು ಅದನ್ನು ಕಲಕಬೇಕು. ಕೊಳವೆಯೊಳಗೆ ತಿರುಚಿದ ಪ್ಲಾಸ್ಟಿಕ್ ಪಟ್ಟಿಯ 4-5 ಸೆಂ.ಮೀ. ತುಂಡು ಇಟ್ಟರೆ ಸಾಕು. ಹೊರಬಾಯಿ ಮೇಲಕ್ಕೆ ಮುಖ ಮಾಡಿರಲಿ. ಇಲ್ಲದಿದ್ದರೆ ಕೊಳವೆ ಪೂರ್ತಿ ತುಂಬದೆ ಬಲ್ಬು ಅರ್ಧ ಗಾಳಿಯಲ್ಲಿರುತ್ತದೆ.

ತಾಪಮಾಪಕಗಳ ವಿಷಯಕ್ಕೆ ಬಂದರೆ, ಪಾದರಸದ ಹಳೆಯವಾಗಲಿ, ಈಗಿನ ಡಿಎಸ್18ಬಿ20 ಎಂಬ ಡಿಜಿಟಲ್ ಸೆನ್ಸರ್ ಆಗಲಿ, ಒಂದೊಂದೂ ತನ್ನದೇ ಲೆಕ್ಕ ಹೇಳುತ್ತದೆ. ಆ ಸೆನ್ಸರ್‌ಗೆ ತಯಾರಕರು ಕೊಡುವ ಭರವಸೆಯೇ ಅರ್ಧ ಡಿಗ್ರಿ ಆಚೀಚೆ, 0.0625 ಡಿಗ್ರಿಯ ಮೆಟ್ಟಿಲಿನಲ್ಲಿ ಓದುತ್ತದೆ ಎಂದು ಅಷ್ಟು ನಿಖರ ಎಂದುಕೊಳ್ಳಬಾರದು. ಪ್ರಯೋಗಕ್ಕೆ ಮೊದಲು ನಾಲ್ಕನ್ನೂ ಒಂದೇ ಥರ್ಮಾಸ್ ಫ್ಲಾಸ್ಕಿನ ನೀರಿನಲ್ಲಿ ಕಟ್ಟಿ ಮುಳುಗಿಸಿ, ಕಲಕಿ, ಒಂದಕ್ಕೊಂದು ಎಷ್ಟು ಅಂತರ ಎಂದು ಬರೆದಿಟ್ಟುಕೊಳ್ಳಿ. 30 ಡಿಗ್ರಿಯಲ್ಲಿ ಒಮ್ಮೆ, 60ರಲ್ಲಿ ಒಮ್ಮೆ. ಈ ಅರ್ಧ ಗಂಟೆಯ ಕೆಲಸಕ್ಕಿಂತ ಹೆಚ್ಚು ಫಲ ಕೊಡುವ ಕೆಲಸ ಇಡೀ ಪ್ರಯೋಗದಲ್ಲಿ ಬೇರೆ ಇಲ್ಲ.

ಸರಳಿನ ರಂಧ್ರಗಳು ಸೆನ್ಸರ್‌ಗೆ ತಕ್ಕಷ್ಟೇ ಅಗಲವಿದ್ದು ಸರಳಿನ ನಡುವಿನವರೆಗೆ ಇಳಿಯಬೇಕು. ಒಳಗೆ ಥರ್ಮಲ್ ಪೇಸ್ಟ್ ಅಥವಾ ಗ್ಲಿಸರಿನ್. ಪಾದರಸ ತುಂಬುವ ಹಳೆಯ ಪದ್ಧತಿ ಬೇಡ, ಅಲ್ಯೂಮಿನಿಯಂ ಸರಳಿನಲ್ಲಂತೂ ಬೇಡವೇ ಬೇಡ: ಪಾದರಸ ಅದನ್ನು ತಿಂದುಹಾಕುತ್ತದೆ. ಸೆನ್ಸರ್‌ನ ತಂತಿ ರಂಧ್ರದಿಂದ ಸೀದಾ ಹೊರಗಾಳಿಗೆ ಬರಬಾರದು. ಉಣ್ಣೆಯ ಹೊದಿಕೆಯ ಕೆಳಗೆ ಸರಳಿಗೇ ಒಂದು ಸುತ್ತು ಸುತ್ತಿ ಆಮೇಲೆ ಹೊರತನ್ನಿ, ಇಲ್ಲದಿದ್ದರೆ ತಂತಿಯೇ ಶಾಖ ಎಳೆದು ಓದು ಇಳಿಸುತ್ತದೆ.

ಈಗ ಆ ಪ್ರಸಿದ್ಧ ಶಾಖ ನಷ್ಟ. ಹೊದಿಕೆಯೇ ಇಲ್ಲದ ಸರಳು ಕೋಣೆಗಿಂತ 35 ಡಿಗ್ರಿ ಬಿಸಿಯಿದ್ದರೆ ಪ್ರತಿ 10 ಸೆಂ.ಮೀ.ಗೆ 4 ವ್ಯಾಟಿಗೂ ಹೆಚ್ಚು ಕಳೆದುಕೊಳ್ಳುತ್ತದೆ. 3 ಸೆಂ.ಮೀ. ದಪ್ಪದ ಒಣ ಫೆಲ್ಟ್ (ಒತ್ತಿದ ಉಣ್ಣೆಬಟ್ಟೆ) ಸುತ್ತಿದರೆ ಅದು 1 ವ್ಯಾಟಿಗೆ ಇಳಿಯುತ್ತದೆ, 58ರಲ್ಲಿ 2 ಶೇಕಡಕ್ಕೂ ಕಡಿಮೆ. ಒಣ ಎಂಬುದು ಮುಖ್ಯ. ಜುಲೈ-ಆಗಸ್ಟ್‌ನಲ್ಲಿ ಕಪಾಟಿನಿಂದ ತೆಗೆದ ಫೆಲ್ಟ್ ತೇವ ಹೀರಿರುತ್ತದೆ, ಮೊದಲು ಒಣಗಿಸಿ.

ಹಬೆ ಬಿಟ್ಟು ಮುಕ್ಕಾಲು ಗಂಟೆ ಕಾಯಬೇಕು. ಪುಣೆ ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ, ಹಬೆ ಇಲ್ಲಿ 98 ಡಿಗ್ರಿ. ಸರ್ಲ್ ವಿಧಾನಕ್ಕೆ ಅದರಿಂದ ಬಾಧಕವಿಲ್ಲ, ಏಕೆಂದರೆ ತಾಪವನ್ನು ಸರಳಿನ ಮೇಲೆಯೇ ಓದುತ್ತೇವೆ. 5 ನಿಮಿಷಕ್ಕೊಮ್ಮೆ ನಾಲ್ಕೂ ತಾಪ ಬರೆಯಿರಿ; ಸತತ ಮೂರು ಓದುಗಳಲ್ಲಿ ಬದಲಾವಣೆ 0.1 ಡಿಗ್ರಿಯೊಳಗೆ ಬಂದ ಮೇಲೆ ಮಾತ್ರ ನೀರು ಹಿಡಿಯಿರಿ. ಈ ಸರಳನ್ನು ಒಂದು ಡಿಗ್ರಿ ಏರಿಸಲು ಸುಮಾರು 1,080 ಜೂಲ್ ಬೇಕು. 5 ನಿಮಿಷಕ್ಕೆ ಅರ್ಧ ಡಿಗ್ರಿ ಏರುತ್ತಿದ್ದರೆ 1.8 ವ್ಯಾಟ್ ಸರಳಿನಲ್ಲೇ ಉಳಿಯುತ್ತಿದೆ, ನೀರಿಗೆ ತಲುಪುತ್ತಿಲ್ಲ.

ಒಂದು ಹರಿವಿನಲ್ಲಿ ಅಳೆದು ನಿಲ್ಲಿಸಬೇಡಿ. ಹರಿವನ್ನು ಒಂದೂವರೆ ಪಟ್ಟು ಮಾಡಿ ಮತ್ತೆ ಅಳೆಯಿರಿ. ಲೋಹದ ಗುಣ ನೀರಿನ ವೇಗಕ್ಕೆ ಬದಲಾಗದು. ಎರಡು ಉತ್ತರ ಬೇರೆಯಾದರೆ ಮೊದಲ ಅನುಮಾನ ನೀರಿನ ತಾಪಮಾಪಕಗಳ ಮೇಲಿರಲಿ: ಏರಿಕೆ ಚಿಕ್ಕದಾದಷ್ಟೂ ಅವುಗಳ ಅಂತರ ದೊಡ್ಡದಾಗಿ ಕಾಣುತ್ತದೆ.

ಇಷ್ಟೆಲ್ಲ ಮಾಡಿಯೂ 330 ಬಂದರೆ? ಆಗ ಸರಳನ್ನೇ ಅನುಮಾನಿಸಬೇಕು. ಫ್ರಿಜ್, ಏಸಿ ಪೈಪುಗಳಿಗೆ ಬಳಸುವ ತಾಮ್ರದಲ್ಲಿ ಆಮ್ಲಜನಕ ತೆಗೆಯಲು ಸೇರಿಸಿದ ರಂಜಕ ಉಳಿದಿರುತ್ತದೆ, 0.02-0.03 ಶೇಕಡ ಉಳಿದರೂ ವಾಹಕತೆ 300-340ಕ್ಕೆ ಇಳಿಯುತ್ತದೆ. ಅಂಗಡಿಯವರಿಗೆ ಎರಡೂ ತಾಮ್ರವೇ. ಪರೀಕ್ಷೆಗೆ ಅದೇ ಸರಳಿನಿಂದ 4 ಮಿ.ಮೀ. ಚೌಕದ, 20 ಸೆಂ.ಮೀ. ಉದ್ದದ ಕಡ್ಡಿಯೊಂದನ್ನು ಕೊಯ್ಯಿಸಿ. ಪುಣೆ ಬಳಿಯ ಭೋಸರಿಯ ವರ್ಕ್‌ಶಾಪುಗಳಲ್ಲಿ ಇದು ಸಣ್ಣ ಕೆಲಸ. 5 ಆಂಪಿಯರ್ ಹರಿಸಿ, ವೋಲ್ಟೇಜಿಗೆ ಬೇರೆಯೇ ಎರಡು ತಂತಿ ಮುಟ್ಟಿಸಿ ಓದಿ. ಒಳ್ಳೆಯ ತಾಮ್ರವಾದರೆ ಪೂರ್ತಿ ಉದ್ದಕ್ಕೆ 1.07 ಮಿಲಿವೋಲ್ಟ್ ಸಿಗುತ್ತದೆ. 1.3ರ ಸುತ್ತ ಬಂದರೆ ರಂಜಕದ ತಾಮ್ರ, ನಿಮ್ಮ 330 ಸರಿಯಾದ ಉತ್ತರ. ಒಂದೇ ತಾಪದಲ್ಲಿ ಲೋಹಗಳ ಉಷ್ಣವಾಹಕತೆಗೂ ವಿದ್ಯುತ್ ವಾಹಕತೆಗೂ ಇರುವ ಅನುಪಾತ ಹೆಚ್ಚುಕಡಿಮೆ ಒಂದೇ ಎಂಬ ವೀಡೆಮನ್–ಫ್ರಾಂಜ್ ನಿಯಮ, 1853ರದ್ದು, ಹೀಗೆ ಕೈಗೆ ಬರುತ್ತದೆ; ಎರಡನ್ನೂ ಒಯ್ಯುವುದು ಅದೇ ಎಲೆಕ್ಟ್ರಾನ್‌ಗಳು ಎಂಬ ವಿವರಣೆ ಆಮೇಲೆ ಬಂದದ್ದು.

ಇದೇ ಅಳತೆಯ ಹಿತ್ತಾಳೆ ಸರಳಿಗೆ 110-120 ನಿರೀಕ್ಷಿಸಿ, ಕಾಯುವ ಸಮಯ ಹೆಚ್ಚಿಸಿ. ಸ್ಟೇನ್‌ಲೆಸ್ ಸ್ಟೀಲನ್ನು ಈ ಉಪಕರಣಕ್ಕೆ ಹಾಕಲೇಬೇಡಿ: ವಾಹಕತೆ ಬರೀ 15, 25 ಸೆಂ.ಮೀ. ಸರಳು ಸ್ಥಿರವಾಗಲು ಗಂಟೆಗಟ್ಟಲೆ ಬೇಕು, ಅಷ್ಟರಲ್ಲಿ ಹೊದಿಕೆಯಿಂದ ಸೋರುವ ಆ 1 ವ್ಯಾಟೇ ಶಾಖದ ಹರಿವಿನ ಸುಮಾರು ಐದನೇ ಒಂದು ಭಾಗವಾಗಿರುತ್ತದೆ.