ಬಿಲ್‌ನಲ್ಲಿ ಗೊತ್ತಿಲ್ಲದ ಡೇಟಾ ಟ್ರಾನ್ಸ್‌ಫರ್ ಚಾರ್ಜ್ ಬಂದಿದೆಯಾ? ಹೀಗೆ ಹುಡುಕಿ

ಎಡಬ್ಲ್ಯೂಎಸ್ (ಅಮೆಜಾನ್‌ನ ಬಾಡಿಗೆ ಸರ್ವರ್ ಸೇವೆ) ಬಿಲ್ ತೆಗೆದು ನೋಡಿದರೆ ಸರ್ವರ್ ಖರ್ಚು ಎಂದಿನಷ್ಟೇ ಇದೆ, ಡಿಸ್ಕ್ ಖರ್ಚೂ ಅಷ್ಟೇ, ಆದರೆ ಡೇಟಾ ಟ್ರಾನ್ಸ್‌ಫರ್ ಅನ್ನೋ ಸಾಲಿನಲ್ಲಿ ಯಾರೂ ಲೆಕ್ಕ ಇಟ್ಟಿರದ ನೂರು ಡಾಲರ್ ಕಾಣುತ್ತದೆ. ಸೈಟ್‌ಗೆ ಜನ ಜಾಸ್ತಿ ಬಂದಿರಬೇಕು ಅಂತ ಸುಮ್ಮನಾಗಬೇಡಿ. ಎಷ್ಟೋ ಸಲ ಅದು ನಿಮ್ಮದೇ ಒಂದು ರೀಜನ್‌ನಿಂದ (ರೀಜನ್ ಅಂದರೆ ಮುಂಬೈಯಂಥ ಒಂದು ಕಡೆ ಇರುವ ಡೇಟಾ ಸೆಂಟರ್‌ಗಳ ಗುಂಪು) ನಿಮ್ಮದೇ ಇನ್ನೊಂದು ರೀಜನ್‌ಗೆ ಡೇಟಾ ಹೋಗಿದ್ದರ ದುಡ್ಡು.

ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಡೇಟಾ ಎಲ್ಲಿಂದ ಹೊರಡುತ್ತದೋ ಆ ರೀಜನ್‌ನ ದರ ಬೀಳುತ್ತದೆ, ತಲುಪುವ ಕಡೆ ಏನೂ ಇಲ್ಲ. ಮುಂಬೈಯಿಂದ ಅಮೆರಿಕದ ವರ್ಜೀನಿಯಾಕ್ಕೆ ಕಳಿಸಿದರೆ ಒಂದು ಜಿಬಿಗೆ 0.086 ಡಾಲರ್. ಅದೇ ಡೇಟಾ ವರ್ಜೀನಿಯಾದಿಂದ ಮುಂಬೈಗೆ ಬಂದರೆ 0.02 ಡಾಲರ್ ಅಷ್ಟೇ. ದಿನಕ್ಕೆ 40 ಜಿಬಿ ಬ್ಯಾಕಪ್ ಮುಂಬೈಯಿಂದ ಆ ಕಡೆ ಹೋಗುತ್ತಿದ್ದರೆ ತಿಂಗಳಿಗೆ 1,200 ಜಿಬಿ, ಅಂದರೆ ಸುಮಾರು 103 ಡಾಲರ್, ಮೇಲೆ 18% ಜಿಎಸ್‌ಟಿ. ಉಲ್ಟಾ ದಿಕ್ಕಿನಲ್ಲಿ ಹೋಗಿದ್ದರೆ 24 ಡಾಲರ್‌ಗೆ ಮುಗಿಯುತ್ತಿತ್ತು. ಇಂಟರ್ನೆಟ್‌ಗೆ ಹೋಗುವ ಡೇಟಾಗೆ ತಿಂಗಳಿಗೆ 100 ಜಿಬಿ ಫ್ರೀ ಇದೆ ಅಲ್ವಾ, ಅದು ರೀಜನ್‌ನಿಂದ ರೀಜನ್‌ಗೆ ಹೋಗುವುದಕ್ಕೆ ಲೆಕ್ಕಕ್ಕೆ ಬರುವುದಿಲ್ಲ.

ಈಗ ಎಡಬ್ಲ್ಯೂಎಸ್‌ನಲ್ಲೇ ಇರುವ, ಖರ್ಚಿನ ಗ್ರಾಫ್ ತೋರಿಸುವ ಕಾಸ್ಟ್ ಎಕ್ಸ್‌ಪ್ಲೋರರ್ ತೆಗೆಯಿರಿ. ದಿನದ ಲೆಕ್ಕಕ್ಕೆ ಇಟ್ಟು, ಗ್ರೂಪ್ ಬೈ ಜಾಗದಲ್ಲಿ ಯೂಸೇಜ್ ಟೈಪ್ ಆರಿಸಿ. "ಎಪಿಎಸ್3-ಯುಎಸ್‌ಇ1-ಎಡಬ್ಲ್ಯೂಎಸ್-ಔಟ್-ಬೈಟ್ಸ್" ತರಹದ ಹೆಸರು ಕಂಡರೆ ಗಾಬರಿ ಬೇಡ, ಎಡದಿಂದ ಓದಿ: ಎಪಿಎಸ್3 ಅಂದರೆ ಮುಂಬೈ, ಯುಎಸ್‌ಇ1 ಅಂದರೆ ವರ್ಜೀನಿಯಾ, ಔಟ್ ಅಂದರೆ ಮೊದಲನೆಯದರಿಂದ ಎರಡನೆಯದಕ್ಕೆ ಹೋಗಿದ್ದು. ಹೆಸರಿನಲ್ಲಿ ಒಂದೇ ರೀಜನ್ ಇದ್ದು "ರೀಜನಲ್-ಬೈಟ್ಸ್" ಅಂತಿದ್ದರೆ ಅದು ಒಂದೇ ರೀಜನ್‌ನ ಎರಡು ಝೋನ್‌ಗಳ (ಒಳಗಿನ ಬೇರೆ ಬೇರೆ ಡೇಟಾ ಸೆಂಟರ್‌ಗಳ) ನಡುವಿನ ಖರ್ಚು, ಆ ಕಥೆ ಬೇರೆ.

ದಾರಿ ಗೊತ್ತಾಯಿತು, ಇನ್ನು ಕಳಿಸುತ್ತಿರುವುದು ಯಾರು ಅಂತ ಹಿಡಿಯಬೇಕು. ಗ್ರಾಫ್ ಯಾವ ದಿನ ಏರಿತೋ ಆ ದಿನ ಏನು ಡೆಪ್ಲಾಯ್ ಆಯಿತು ಅಂತ ಟೀಮ್‌ನವರನ್ನು ಕೇಳಿ, ಅರ್ಧಕ್ಕರ್ಧ ಸಲ ಅಲ್ಲೇ ಉತ್ತರ ಸಿಗುತ್ತದೆ. ಸಿಗದಿದ್ದರೆ ವಿಪಿಸಿ ಫ್ಲೋ ಲಾಗ್ಸ್ (ನಿಮ್ಮ ನೆಟ್‌ವರ್ಕ್‌ನಲ್ಲಿ ಎಲ್ಲಿಂದ ಎಲ್ಲಿಗೆ ಎಷ್ಟು ಡೇಟಾ ಹೋಯಿತು ಅನ್ನುವ ದಾಖಲೆ) ಆನ್ ಮಾಡಿ, ಯಾವ ಐಪಿಗೆ ಜಾಸ್ತಿ ಬೈಟ್ಸ್ ಹೋಗಿವೆ ಅಂತ ನೋಡಿ. ಯಾವ ಐಪಿ ಯಾವ ರೀಜನ್‌ನದ್ದು ಅನ್ನುವ ಪಟ್ಟಿಯನ್ನು ಎಡಬ್ಲ್ಯೂಎಸ್‌ನವರೇ ಒಂದು ಜೇಸನ್ ಫೈಲ್‌ನಲ್ಲಿ ಎಲ್ಲರಿಗೂ ಕೊಟ್ಟಿದ್ದಾರೆ, ಅದರ ಜೊತೆ ಹೋಲಿಸಿದರೆ ಸಾಕು.

ಸಾಮಾನ್ಯವಾಗಿ ಸಿಕ್ಕಿಬೀಳುವುದು ಎಸ್3 ಬಕೆಟ್, ಅಂದರೆ ಎಡಬ್ಲ್ಯೂಎಸ್‌ನಲ್ಲಿ ಫೈಲ್‌ಗಳನ್ನು ಇಡುವ ಜಾಗ. ಕನ್ಸೋಲ್‌ನಲ್ಲಿ ಎಲ್ಲ ರೀಜನ್‌ಗಳ ಬಕೆಟ್‌ಗಳೂ ಒಂದೇ ಪಟ್ಟಿಯಲ್ಲಿ ಕಾಣುವುದರಿಂದ ಅದು ನಿಜವಾಗಿ ಎಲ್ಲಿದೆ ಅಂತ ಯಾರೂ ನೋಡಿರುವುದಿಲ್ಲ. ಯಾರೋ ಒಬ್ಬರು ವರ್ಜೀನಿಯಾದಲ್ಲಿ ಬಕೆಟ್ ಮಾಡಿರುತ್ತಾರೆ, ಮುಂಬೈ ಸರ್ವರ್ ದಿನವಿಡೀ ಅದಕ್ಕೆ ಲಾಗ್ ಬರೆಯುತ್ತಿರುತ್ತದೆ. ಸರ್ವರ್ ಪ್ರೈವೇಟ್ ಸಬ್‌ನೆಟ್‌ನಲ್ಲಿದ್ದು (ಇಂಟರ್ನೆಟ್‌ಗೆ ನೇರ ದಾರಿ ಇಲ್ಲದ ನೆಟ್‌ವರ್ಕ್ ಭಾಗ) ನ್ಯಾಟ್ ಗೇಟ್‌ವೇ (ಅಂಥ ಸರ್ವರ್‌ಗಳಿಗೆ ಹೊರಗೆ ಹೋಗಲು ಇರುವ ಬಾಗಿಲು) ಮೂಲಕ ಹೊರಗೆ ಹೋಗುತ್ತಿದ್ದರೆ ಪ್ರತಿ ಜಿಬಿಗೂ ಇನ್ನೊಂದು 0.056 ಡಾಲರ್ ಸೇರುತ್ತದೆ. ಬಕೆಟ್ ಮುಂಬೈಯಲ್ಲೇ ಇದ್ದು ಗೇಟ್‌ವೇ ಎಂಡ್‌ಪಾಯಿಂಟ್ (ನ್ಯಾಟ್ ಬಿಟ್ಟು ಎಸ್3ಗೆ ನೇರ ದಾರಿ) ಹಾಕಿದ್ದರೆ ಈ ಎರಡೂ ಖರ್ಚು ಪೂರ್ತಿ ಇಲ್ಲ. ಹಾಗಾಗಿ ಮುಂಬೈಯಲ್ಲಿ ಹೊಸ ಬಕೆಟ್ ಮಾಡಿ ಮೊದಲು ಬರೆಯುವ ಜಾಗ ಬದಲಿಸಿ. ಹಳೇ ಡೇಟಾ ತರುವುದಕ್ಕೂ ಒಂದು ಸಲ ಚಾರ್ಜ್ ಬೀಳುವುದರಿಂದ ಬೇಡದ್ದನ್ನು ಅಳಿಸಿ, ಬೇಕಾದ್ದನ್ನು ಮಾತ್ರ ತನ್ನಿ.

ಎರಡನೆಯದು ಡಾಕರ್ ಇಮೇಜ್, ಅಂದರೆ ಆ್ಯಪ್ ಓಡಲು ಬೇಕಾದ್ದೆಲ್ಲ ಸೇರಿಸಿದ ಪ್ಯಾಕೇಜ್. ಇಮೇಜ್‌ಗಳನ್ನು ಇಡುವ ರಿಜಿಸ್ಟ್ರಿ ಒಂದು ರೀಜನ್‌ನಲ್ಲಿ, ಮಷೀನ್‌ಗಳು ಇನ್ನೊಂದರಲ್ಲಿ ಇದ್ದರೆ ಆಟೋ ಸ್ಕೇಲಿಂಗ್‌ನಲ್ಲಿ (ಲೋಡ್ ಏರಿದಾಗ ತಾನೇ ಮಷೀನ್ ಹೆಚ್ಚಿಸುವ ವ್ಯವಸ್ಥೆ) ಎದ್ದ ಪ್ರತಿ ಹೊಸ ಮಷೀನ್ ಆ ಇಮೇಜನ್ನು ದೂರದಿಂದ ಎಳೆದುಕೊಳ್ಳುತ್ತದೆ. ಇಸಿಆರ್‌ನಲ್ಲಿ (ಎಡಬ್ಲ್ಯೂಎಸ್‌ನ ರಿಜಿಸ್ಟ್ರಿ) ಇನ್ನೊಂದು ರೀಜನ್‌ಗೂ ನಕಲು ಇಡುವ ರೆಪ್ಲಿಕೇಶನ್ ಆನ್ ಮಾಡಿ, ಆಗ ಪುಶ್ ಮಾಡಿದಾಗ ಒಂದು ಸಲ ಮಾತ್ರ ದಾಟುತ್ತದೆ.

ಬೇರೆ ರೀಜನ್‌ನಲ್ಲಿ ಬ್ಯಾಕಪ್ ಇಟ್ಟಿದ್ದರೆ ಮಾತ್ರ ಬಿಲ್ ನೋಡಿ ನಿಲ್ಲಿಸಬೇಡಿ, ದಯವಿಟ್ಟು. ಮುಂಬೈ ಪೂರ್ತಿ ಕೈಕೊಟ್ಟ ದಿನ ಉಳಿಯುವುದು ಅದೊಂದೇ. ಪ್ರತಿ ರಾತ್ರಿ ಪೂರ್ತಿ ಡಂಪ್ ಕಳಿಸುವ ಬದಲು ಬದಲಾದಷ್ಟನ್ನೇ ಕಂಪ್ರೆಸ್ ಮಾಡಿ ಕಳಿಸಿ.

ಏನೇ ಬದಲಿಸಿದರೂ ಕಾಸ್ಟ್ ಎಕ್ಸ್‌ಪ್ಲೋರರ್‌ನಲ್ಲಿ ಕಾಣಲು ಸುಮಾರು ಒಂದು ದಿನ ಬೇಕು. ಎರಡು ದಿನ ಬಿಟ್ಟು ಅದೇ ಯೂಸೇಜ್ ಟೈಪ್ ಇಳಿದಿದೆಯಾ ನೋಡಿ, ಇಳಿದಿಲ್ಲ ಅಂದರೆ ಕಳಿಸುತ್ತಿರುವವರು ಇನ್ನೊಬ್ಬರು ಇದ್ದಾರೆ, ಫ್ಲೋ ಲಾಗ್ಸ್‌ಗೆ ವಾಪಸ್ ಹೋಗಿ.