ಬೇಲಿ ಕಾಯುವ ಸಂಬಳ

"ತಮಾ, ಬೇಲಿ ಕಾಯಲೂ ಅಲ್ಲಿ ಸರ್ಕಾರ ಸಂಬಳ ಕೊಡ್ತಾ?"

ಕೆಲಸ ಸಿಕ್ಕಿತು ಅಂತ ಶಿರಸಿಗೆ ಫೋನ್ ಮಾಡಿದಾಗ ಅಪ್ಪ ಕೇಳಿದ ಮೊದಲ ಪ್ರಶ್ನೆ ಇದು. ಕೊಡುತ್ತದೆ. ನಾನು ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆಯ ಒಂದು ಕೌನ್ಸಿಲ್‌ನಲ್ಲಿ ಟ್ರೀ ಆಫೀಸರ್. ಈ ಹುದ್ದೆ ಕರ್ನಾಟಕದಲ್ಲೂ ಇದೆ, 1976ರ ಮರ ಸಂರಕ್ಷಣೆ ಕಾಯಿದೆಯಡಿ. ಆದರೆ ಹೊಲದ ಬೇಲಿಗೇ ಅಂತ ಬೇರೆ ಕಾನೂನು ಇರುವುದನ್ನು ನಾನು ಇಲ್ಲೇ ನೋಡಿದ್ದು. ಬೇಲಿ ಅಂದರೆ ತಂತಿಯದಲ್ಲ, ಗಿಡದ ಬೇಲಿ.

ದಿನದ ಕೆಲಸದಲ್ಲಿ ಹೇಳಿಕೊಳ್ಳುವಂಥದ್ದು ಜಾಸ್ತಿ ಇಲ್ಲ. ಬರುವ ಅರ್ಜಿಗಳಲ್ಲಿ ಅರ್ಧ ಎಲೆಯ ಗೋಳು. ಎಲೆ ಸೂರಿನ ಮಳೆನೀರಿನ ದೋಣಿಯಲ್ಲಿ ತುಂಬಿಕೊಳ್ಳುತ್ತದೆ, ಸೋಲಾರ್ ಪ್ಯಾನಲ್‌ಗೆ ನೆರಳು ಬೀಳುತ್ತದೆ, ಕಾರಿನ ಮೇಲೆ ಹಕ್ಕಿ ಹಿಕ್ಕೆ ಹಾಕುತ್ತದೆ. ಮಲೆನಾಡಿನಿಂದ ಬಂದವನಿಗೆ ಇದನ್ನೆಲ್ಲ ಗಂಭೀರವಾಗಿ ಓದುವುದೇ ಒಂದು ತರಬೇತಿ.

ಕಾನೂನಿನಲ್ಲಿ ಮೊದಲು ಕಲಿಯಬೇಕಾದದ್ದು ದಿನ ಎಣಿಸುವುದನ್ನು. ಒಂಟಿ ಮರಕ್ಕೆ, ಗುಂಪಿಗೆ ಟ್ರೀ ಪ್ರಿಸರ್ವೇಶನ್ ಆರ್ಡರ್, ಅಂದರೆ ಮರ ಉಳಿಸುವ ಆದೇಶ ಹಾಕಬಹುದು. ನಾವು ಟಿಪಿಒ ಅನ್ನುತ್ತೇವೆ. ಅದು ಬಿದ್ದ ಮೇಲೆ ಅನುಮತಿ ಇಲ್ಲದೆ ಕೊಂಬೆ ಕಡಿದರೂ ಅಪರಾಧ. ಹಳೆಯ ಬೀದಿಗಳಿರುವ ಕನ್ಸರ್ವೇಶನ್ ಏರಿಯಾದಲ್ಲಿ ಮಾತ್ರ ಲೆಕ್ಕ ಬೇರೆ. ಅಲ್ಲಿ ಮರ ಕಡಿಯುವವರು ಆರು ವಾರ ಮೊದಲು ನಮಗೆ ತಿಳಿಸಬೇಕು. "ಬೇಡ" ಅಂತ ಪತ್ರ ಬರೆಯುವ ಅಧಿಕಾರ ನಮಗಿಲ್ಲ. ಬೇಡ ಅನ್ನಿಸಿದರೆ ಆ ಆರು ವಾರದೊಳಗೆ ಟಿಪಿಒ ಹಾಕಬೇಕು. ಹಾಕದಿದ್ದರೆ ಅವರು ಗರಗಸ ತರಬಹುದು. ಗಿಡದ ಬೇಲಿಗೆ 1997ರ ಹೆಜ್‌ರೋಸ್ ರೆಗ್ಯುಲೇಷನ್ಸ್. ರೈತ ಬೇಲಿ ಕೀಳುತ್ತೇನೆ ಅಂತ ನೋಟಿಸ್ ಕೊಟ್ಟರೆ ನಮಗೆ 42 ದಿನ. ಅಷ್ಟರಲ್ಲಿ ಉಳಿಸಿ ಅಂತ ನೋಟಿಸ್ ಹೋಗದಿದ್ದರೆ ಕೀಳಬಹುದು. ಮೌನಂ ಸಮ್ಮತಿ ಲಕ್ಷಣಂ ಅಂತಾರಲ್ಲ, ಅದನ್ನೇ ಇವರು ಕಾನೂನು ಮಾಡಿಟ್ಟಿದ್ದಾರೆ.

ಇದು ಗೊತ್ತಿದ್ದೂ ಮೊದಲ ವರ್ಷ ಒಂದು ಬೇಲಿ ಕಳೆದುಕೊಂಡೆ.

ತಂಗಿ ಮದುವೆಗೆ ಊರಿಗೆ ಹೊರಡಲು ಮೂರು ದಿನ ಇತ್ತು. ನೋಟಿಸ್ ಬಂತು, ಊರಿಂದ ಬಂದ ಮೇಲೆ ನೋಡಿದರಾಯ್ತು ಅಂತ ಟ್ರೇಯಲ್ಲಿ ಹಾಕಿದೆ. ಆಫೀಸಿನಲ್ಲಿ ಮರಕ್ಕೆ ಅಂತ ಇರುವವನು ನಾನೊಬ್ಬನೇ, ಆ ಟ್ರೇಯನ್ನು ಬೇರೆ ಯಾರೂ ಮುಟ್ಟುವುದಿಲ್ಲ. ಐದು ವಾರ ರಜೆ. ವಾಪಸ್ ಬಂದು ಇಮೇಲ್ ರಾಶಿಯಲ್ಲಿ ಮುಳುಗಿದೆ. ಕಾಗದ ಕೈಗೆ ಬಂದಾಗ 45ನೇ ದಿನ. ಅವತ್ತೇ ಓಡಿದೆ. ಬೇಲಿ ಇದ್ದ ಕಡೆ ಉದ್ದಕ್ಕೆ ಹಸಿ ಮಣ್ಣಿನ ಪಟ್ಟೆ, ಕೊನೆಯಲ್ಲಿ ಇನ್ನೂ ಹೊಗೆಯಾಡುತ್ತಿದ್ದ ಬೂದಿ ಗುಡ್ಡೆ. ರೈತ ಒಳ್ಳೆಯವರೇ. "ನೀವೇನೂ ಹೇಳಲಿಲ್ಲ, ಸರಿ ಅಂದುಕೊಂಡೆ" ಅಂದರು. ಅವರದೇನೂ ತಪ್ಪಿರಲಿಲ್ಲ. ಆ ಬೇಲಿ ಕಾನೂನಿನ ಲೆಕ್ಕದಲ್ಲಿ ಉಳಿಯುವಂಥದ್ದಾಗಿತ್ತಾ ಅಂತ ಈಗ ಎಣಿಸಿ ನೋಡಲೂ ಆಗುವುದಿಲ್ಲ.

ಯಾಕೆಂದರೆ ಎಲ್ಲ ಬೇಲಿಯನ್ನೂ ಉಳಿಸಲು ಬರುವುದಿಲ್ಲ. 30 ವರ್ಷವಾದರೂ ಆಗಿರಬೇಕು, ಮನೆಯ ಹಿತ್ತಲಿನದಾಗಿರಬಾರದು, ಜೊತೆಗೆ "ಮುಖ್ಯ" ಅನ್ನಿಸಿಕೊಳ್ಳಬೇಕು. 1850ಕ್ಕಿಂತ ಹಿಂದಿನ ಪ್ಯಾರಿಷ್, ಅಂದರೆ ಒಂದು ಚರ್ಚಿಗೆ ಸೇರಿದ ಊರಿನ ಗಡಿಯಾಗಿದ್ದರೆ ಅಷ್ಟೇ ಸಾಕು, ಅದಕ್ಕೆ ದಾಖಲೆ ಕಚೇರಿಯಲ್ಲಿ ಹಳೇ ನಕ್ಷೆ ಹುಡುಕುತ್ತೇವೆ. ಇಲ್ಲದಿದ್ದರೆ ಗಿಡದ ಜಾತಿ ಎಣಿಸಬೇಕು. 30 ಮೀಟರ್‌ಗೆ ಏಳು ಜಾತಿ ಸಿಕ್ಕಿದರೆ ಗೆದ್ದಂತೆ. ಆರೇ ಆದರೆ ಜೊತೆಗೆ ಕಾನೂನಿನ ಪಟ್ಟಿಯಲ್ಲಿರುವ ಇನ್ನು ಮೂರು ಗುಣ ತೋರಿಸಬೇಕು.

ಎರಡನೇ ವರ್ಷ ಜನವರಿಯಲ್ಲಿ ಇನ್ನೊಂದು ನೋಟಿಸ್ ಬಂತು. ಬೇಲಿಯ ಉದ್ದ 140 ಮೀಟರ್. ಈ ಸಲ ಮರುದಿನವೇ ಗಮ್‌ಬೂಟ್ ಹಾಕಿ ಹೊರಟೆ. 100 ಮೀಟರ್ ದಾಟಿದ, 200 ಮೀರದ ಬೇಲಿಯನ್ನು ಎರಡು ಪಾಲು ಮಾಡಿ, ಒಂದೊಂದು ಪಾಲಿನ ನಡುವಿನ 30 ಮೀಟರ್ ಎಣಿಸಿ ಸರಾಸರಿ ತೆಗೆಯಬೇಕು. ಜನವರಿಯಲ್ಲಿ ಹಾಲಿ ಗಿಡದಂಥ ಕೆಲವನ್ನು ಬಿಟ್ಟರೆ ಎಲೆ ಇರುವುದಿಲ್ಲ. ಮೊಗ್ಗು, ತೊಗಟೆ, ಮುಳ್ಳು ನೋಡಿ ಹೇಳಬೇಕು. ಆಶ್ ಸುಲಭ, ಮಸಿಯಂಥ ಕಪ್ಪು ಮೊಗ್ಗು. ಡಾಗ್‌ವುಡ್‌ನ ಎಳೆ ಕಡ್ಡಿ ಕೆಂಪು. ಹೇಝಲ್‌ನಲ್ಲಿ ಹೂವಿನ ಜಡೆ ಆಗಲೇ ಜೋತುಬಿದ್ದಿರುತ್ತದೆ. ಸ್ಪಿಂಡಲ್ ಹುಡುಕುವಾಗ ಕಣ್ಣಿಗಿಂತ ಬೆರಳನ್ನು ನಂಬುತ್ತೇನೆ. ಹಸಿರು ಕಡ್ಡಿ, ಉದ್ದಕ್ಕೂ ಏಣು. ಕೈಗವಸು ತೆಗೆದು ಎರಡು ಬೆರಳ ನಡುವೆ ಹೊರಳಿಸಿದರೆ ಚೌಕ ತಿಳಿಯುತ್ತದೆ. ಚಳಿಗೆ ಬೆರಳು ಮರಗಟ್ಟಿದ್ದರೆ ಅದೂ ತಿಳಿಯುವುದಿಲ್ಲ, ಬಾಯಿಂದ ಊದಿಕೊಂಡು ಮತ್ತೆ ಹೊರಳಿಸಬೇಕು. ಬ್ರ್ಯಾಂಬಲ್ ಅನ್ನುವ ಮುಳ್ಳುಬಳ್ಳಿ ಬೇಲಿ ತುಂಬಾ ಹಬ್ಬಿರುತ್ತದೆ, ಪ್ಯಾಂಟ್ ಹರಿಯುವುದೂ ಅದೇ, ಆದರೆ ಅದು ಆಟಕ್ಕುಂಟು ಲೆಕ್ಕಕ್ಕಿಲ್ಲ.

ಮೊದಲ ತುಂಡಿನಲ್ಲಿ ಏಳು. ಎರಡನೆಯದರಲ್ಲಿ ಹಾಥಾರ್ನ್, ಬ್ಲ್ಯಾಕ್‌ಥಾರ್ನ್, ಹೇಝಲ್, ಫೀಲ್ಡ್ ಮೇಪಲ್, ಹಾಲಿ, ಕಾಡುಗುಲಾಬಿ. ಆರು. ಮೂರು ಸಲ ಓಡಾಡಿದರೂ ಆರೇ. ಸರಾಸರಿ ಆರೂವರೆ. ಅರ್ಧ ಜಾತಿ ಎಲ್ಲಿಂದ ತರಲಿ?

ಬೇಜಾರಿನಲ್ಲಿ ಬೇಲಿಯ ಬುಡದಲ್ಲೇ ಕೂತೆ. ಕೂತಾಗ ಕಾಲು ಕೆಳಗೆ ಇಳಿಬಿದ್ದವು. ಒಣಗಿದ ಹುಲ್ಲು ಸರಿಸಿದರೆ ಅಗಳ! ನಮ್ಮ ತೋಟದ ಸುತ್ತ ಅಜ್ಜ ತೆಗೆಸಿದ್ದ ಅಗಳದ ಹಾಗೇ. ತೋಡಿದ ಮಣ್ಣನ್ನು ಪಕ್ಕಕ್ಕೆ ಹಾಕಿ ಏರಿ ಮಾಡಿದ್ದಾರೆ, ಏರಿಯ ಮೇಲೆ ಬೇಲಿ. ನಾನು ಕೂತಿದ್ದು ಆ ಏರಿಯ ಮೇಲೇ. ಟೇಪ್ ಹಿಡಿದು ಅಳೆದೆ. ಕಾನೂನು ಕೇಳುವುದು ಬೇಲಿಯ ಅರ್ಧ ಉದ್ದಕ್ಕೆ, ಇಲ್ಲಿ ಅಗಳವೂ ಏರಿಯೂ ಅದಕ್ಕಿಂತ ಜಾಸ್ತಿ ದೂರ ಓಡಿದ್ದವು. ಎರಡು ಗುಣ ಆಯ್ತು. ಮೂರನೆಯದು ಕಂಡಿ. ಎಲ್ಲ ಕಂಡಿ ಸೇರಿ ಉದ್ದದ ಹತ್ತನೇ ಒಂದು ಪಾಲು ಮೀರಬಾರದು. 140ಕ್ಕೆ 14 ಮೀಟರ್. ದನ ನುಗ್ಗಿ ಆದ ಕಂಡಿಗಳನ್ನೆಲ್ಲ ಕೂಡಿದೆ, ಒಂಬತ್ತು ಚಿಲ್ಲರೆ. 11ನೇ ದಿನಕ್ಕೆ ನೋಟಿಸ್ ಕೊಟ್ಟೆ, ಅಂಚೆಗೆ ಹಾಕಲಿಲ್ಲ, ನಾನೇ ಹೋಗಿ ಕೈಗೆ ಕೊಟ್ಟೆ.

ಆ ರೈತ ಮೊದಲು ಮುಖ ಗಂಟು ಹಾಕಿಕೊಂಡರು. ದೊಡ್ಡ ಯಂತ್ರ ತಿರುಗಿಸಲು ಜಾಗ ಸಾಲದು ಅನ್ನುವುದು ಅವರ ಕಷ್ಟ, ಅದು ಸುಳ್ಳೇನಲ್ಲ. ಆದರೆ ಮುಂದಿನ ಚಳಿಗಾಲ ಅವರೇ ಕರೆದರು. ಬೇಲಿಯನ್ನು ಹಳೇ ಪದ್ಧತಿಯಲ್ಲಿ ಮಲಗಿಸುತ್ತಿದ್ದರು. ಕಾಂಡವನ್ನು ಬುಡದ ಹತ್ತಿರ ಓರೆಯಾಗಿ ಕಡಿಯುತ್ತಾರೆ, ತೊಗಟೆಯ ಜೊತೆ ತೆಳುವಾದ ಪಟ್ಟಿಯಷ್ಟೇ ಉಳಿಯುವ ತನಕ. ಆಮೇಲೆ ಮೆಲ್ಲಗೆ ಬಾಗಿಸಿ ಗೂಟಗಳ ನಡುವೆ ಹೆಣೆಯುತ್ತಾರೆ. ನೋಡಿದರೆ ಸತ್ತೇ ಹೋಯಿತು ಅನ್ನಿಸುತ್ತದೆ. ವಸಂತ ಬಂದಾಗ ಬುಡದಿಂದ ಹಿಂಡುಹಿಂಡಾಗಿ ಚಿಗುರು. ನನ್ನ ಕೈಗೂ ಕತ್ತಿ ಕೊಟ್ಟರು. ಎರಡು ಕಾಂಡ ಪೂರ್ತಿ ತುಂಡು ಮಾಡಿಟ್ಟೆ. ಟ್ರೀ ಆಫೀಸರ್ ಅಲ್ವಾ, ದಂಡ ಹಾಕುವವರು ಯಾರು ಅಂತ ನಕ್ಕರು.

ಈಗ ರಜೆಗೆ ಹೊರಡುವ ಮುಂಚೆ ಟ್ರೇ ಖಾಲಿ ಮಾಡುತ್ತೇನೆ, ಗಡುವುಗಳನ್ನೆಲ್ಲ ಪಕ್ಕದ ಮೇಜಿನ ಸಹೋದ್ಯೋಗಿಯ ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಿನಲ್ಲಿ ಬರೆದೇ ಬಿಡುತ್ತೇನೆ. ಅವಳಿಗೆ ಮರದ ಗಂಧಗಾಳಿ ಇಲ್ಲ, ಆದರೆ ತಾರೀಕು ತಪ್ಪಿಸುವವಳಲ್ಲ.

ಏಳು ಜಾತಿಯ ಕಥೆ ಅಪ್ಪನಿಗೆ ಹೇಳಿದ ದಿನ ಫೋನ್ ಹಿಡಿದುಕೊಂಡೇ ಅಂಗಳಕ್ಕಿಳಿದು ನಮ್ಮ ಬೇಲಿ ಎಣಿಸಿದರು. ಲಕ್ಕಿ, ದಾಸವಾಳ, ಗೊಬ್ಬರಗಿಡ, ಕಳ್ಳಿ, ನುಗ್ಗೆ.

"ಐದಾತು. ಲಂಟಾನ ಸೇರಸಲಕ್ಕಾ?"

ಇಲ್ಲ ಅಂದೆ.